ಬೆನ್ನ ಹಿಂದಿನ ಹುಕ್ಕುಗಳು

ಬ್ರಾಡ್‌ವೇ ರಂಗಮಂದಿರದ ಕೊನೆಯ ಸಾಲನ್ನೂ ಮುಟ್ಟುತ್ತಿದ್ದ ಡೆಲ್ಫೀನ್ ಮಾರ್ಲೋಳ ದನಿ ಬ್ರೂಕ್ಲಿನ್ನಿನ ಟೆಲಿವಿಷನ್ ಸ್ಟುಡಿಯೋದಲ್ಲಿ ದಾರಿ ತಪ್ಪಿತ್ತು. ಕ್ಯಾಮೆರಾ ಮುಖದೆದುರೇ ಇದ್ದರೂ ಅವಳ ಕಣ್ಣು ಇಲ್ಲದ ಬಾಲ್ಕನಿಯನ್ನು ಹುಡುಕುತ್ತಿತ್ತು. ಪಕ್ಕದ ಪರದೆಯಲ್ಲಿ ಕಾಣುತ್ತಿದ್ದದ್ದು ಹಾಡುವ ಮುಖವಲ್ಲ, ಯಾರನ್ನೋ ಗದರಿಸುವ ಮುಖ.

ಸೆಟ್ಟಿನ ಅಂಚಿನಲ್ಲಿ ಬ್ಲೂಮಾ ನಿಂತಿದ್ದಳು. ವರ್ಷಗಟ್ಟಲೆ ಡೆಲ್ಫೀನಳಿಗೆ ಉಡುಪು ತೊಡಿಸಿದವಳು ಅವಳು. ಭಾನುವಾರ ಪ್ರಸಾರವಾಗಲಿದ್ದ ವಿಶೇಷ ಕಾರ್ಯಕ್ರಮದ ಈ ಚಿತ್ರೀಕರಣದಲ್ಲಿ ಡೆಲ್ಫೀನಳಿಗೆ ಸಿಕ್ಕಿದ್ದು ಒಂದೇ ಹಾಡು. ನ್ಯೂಯಾರ್ಕಿನಾಚೆ ಅವಳನ್ನು ಕಂಡವರೇ ಇರಲಿಲ್ಲ. ಇನ್ನೊಂದು ಸಲ ನೋಡೋಣ, ಆಗದಿದ್ದರೆ ಹಾಡು ಬಿಟ್ಟು ಅದೇ ಕಾರ್ಯಕ್ರಮದ ನಾಯಿಗಳ ಕುಣಿತವನ್ನೇ ಉದ್ದ ಮಾಡುತ್ತೇನೆ ಎಂದು ನಿರ್ದೇಶಕ ನಾರ್ಟನ್ ಮೆತ್ತಗೇ ಹೇಳಿದ್ದ.

"ಜನ ಸೋಫಾದಲ್ಲಿ ಕೂತು ನೋಡ್ತಿರ್ತಾರೆ, ಮಿಸ್ ಮಾರ್ಲೋ. ಅಷ್ಟು ದೂರಕ್ಕೆ ಹಾಡ್ಬೇಕಾಗಿಲ್ಲ."

"ಪಿಸುಗುಟ್ಟು ಅಂತ ಇವತ್ತಿನವರೆಗೂ ನನಗೆ ಯಾರೂ ದುಡ್ಡು ಕೊಟ್ಟಿಲ್ಲಪ್ಪ."

ವಾದ್ಯಗಳು ಶುರುವಾದವು. ಡೆಲ್ಫೀನ್ ರಂಗದ ಮೇಲಿನಂತೆಯೇ ಎದೆತುಂಬ ಉಸಿರೆಳೆದಳು. ಗೌನಿನ ಬೆನ್ನಿನ ಹುಕ್ಕುಗಳು ಒಂದರ ಹಿಂದೊಂದು ಬಿಟ್ಟುಕೊಂಡವು.

ಬ್ಲೂಮಾ ಓಡಿ ಬಂದು ಅವಳ ಹಿಂದೆ ನಿಂತಳು. ಡೆಲ್ಫೀನಳ ಕತ್ತು ತುಸು ಬಾಗಿತು. ಮೊದಲ ಹುಕ್ಕು ಸೇರುತ್ತಲೇ ಡೆಲ್ಫೀನ್ ಗುನುಗತೊಡಗಿದಳು. ಬಣ್ಣದ ಕೋಣೆಯಲ್ಲಿ ದಿನವೂ ಹೀಗೇ. ಮೊದಲ ಹುಕ್ಕಿಗೆ ಹುಟ್ಟಿದ ಗುನುಗು ಕೊನೆಯದಕ್ಕೆ ನಿಲ್ಲುತ್ತಿತ್ತು. ತಾನು ಗುನುಗುತ್ತೇನೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಸ್ಟುಡಿಯೋ ನೀರಿನೊಳಗೆ ಇಳಿದಂತೆ ನಿಶ್ಶಬ್ದವಾಯಿತು. ದೀಪ ಹೊತ್ತವನು ದೀಪ ಅಲುಗಿಸಲಿಲ್ಲ. ಕ್ಯಾಮೆರಾವನ್ನು ಯಾರೂ ಆರಿಸಿರಲಿಲ್ಲ. ಎಲ್ಲರೂ ಪರದೆಯಲ್ಲಿದ್ದ ಅವಳ ಮುಖವನ್ನೇ ನೋಡುತ್ತಿದ್ದರು. ಬ್ಲೂಮಾಳಿಗೆ ಕಂಡದ್ದು ಎಂದಿನ ಕತ್ತು, ಕಿವಿಯ ಕೆಳಗಿನ ಮಚ್ಚೆ, ಅಷ್ಟೇ.

ನಾರ್ಟನ್ ಬೆಕ್ಕಿನ ಹೆಜ್ಜೆಯಲ್ಲಿ ಬಂದ.

"ಮತ್ತೆ ಬಿಚ್ಚಿ," ಎಂದ ಬ್ಲೂಮಾಳಿಗೆ.

ಕ್ಯಾಮೆರಾ ಮುಖವನ್ನಷ್ಟೇ ಹಿಡಿಯುತ್ತದೆ, ನೀವು ಹಿಂದೆ ಮಂಡಿಯೂರಿ ಕೂತು ಹುಕ್ಕು ಹಾಕುತ್ತಿರಿ ಎಂದು ವಿವರಿಸಿದ. ಡೆಲ್ಫೀನಳಿಗೆ ಎಲ್ಲವೂ ಕೇಳಿಸಿತ್ತು. ಇದನ್ನು ಅವಮಾನವೆಂದುಕೊಂಡು ಅವಳು ಹೊರಟುಬಿಟ್ಟರೆ? ಕೋಪಕ್ಕೆ ಮೊದಲು ಕೆಂಪಾಗುವುದು ಆ ಕಿವಿಯೇ. ಬ್ಲೂಮಾ ಅದನ್ನೇ ದಿಟ್ಟಿಸಿದಳು. ಕೆಂಪಾಯಿತು. ಆಮೇಲೆ ಮೆಲ್ಲಗೆ ತಿಳಿಯಾಯಿತು.

"ನಿಧಾನಕ್ಕೆ ಹಾಕು, ಬ್ಲೂಮಾ," ಎಂದಳು ಡೆಲ್ಫೀನ್. "ಎರಡು ಚರಣ ಇದೆ."

ಪಿಯಾನೋ ಒಂದೇ ನುಡಿಯಿತು. ಬ್ಲೂಮಾ ಹುಕ್ಕು ಹಾಕುತ್ತ ಹೋದಳು. ಪ್ರತಿ ಹುಕ್ಕಿಗೂ ಬೆನ್ನು ಅಲೆಯಂತೆ ಏರಿ ಇಳಿಯಿತು. ಹಾಡು ಎಲ್ಲಿಗೂ ಹೋಗಬೇಕಾಗಿಲ್ಲದಂತೆ ಅಲ್ಲೇ ತೇಲುತ್ತಿತ್ತು.

ಭಾನುವಾರ ಸಂಜೆ ಬ್ಲೂಮಾ ತಂಗಿಯ ಮನೆಯಲ್ಲಿದ್ದಳು. ಎಲ್ಲರ ತೊಡೆಯ ಮೇಲೂ ತಟ್ಟೆ. ನಾಯಿಗಳು ಕುಣಿದು ಹೋದವು. ಆಮೇಲೆ ಪರದೆಯ ತುಂಬ ಬೆಳ್ಳಿಬಣ್ಣದ ಒಂದು ಮುಖ, ಅರ್ಧ ನಿದ್ದೆಯಲ್ಲಿ ಏನನ್ನೋ ನೆನೆಸಿಕೊಳ್ಳುವಂತೆ ಹಾಡುತ್ತ ಬಂತು. ಬೆನ್ನನ್ನಷ್ಟೇ ಬಲ್ಲವಳು ಆ ಗುನುಗಿನ ಮುಖವನ್ನು ನೋಡಿದ್ದು ಅದೇ ಮೊದಲು. ತಂಗಿಯ ಗಂಡ ಕೂಡ ಫೋರ್ಕು ಕೆಳಗಿಟ್ಟಿದ್ದ.

ಹಾಡು ಮುಗಿಯುವ ಹೊತ್ತಿಗೆ ಡೆಲ್ಫೀನ್ ಗಲ್ಲವನ್ನು ಭುಜದ ಕಡೆ ತುಸು ಹೊರಳಿಸಿ, ಕಾಣದ ಯಾರಿಗೋ ನಕ್ಕಳು.

"ಯಾರನ್ನ ನೋಡಿ ನಗ್ತಿದಾಳಕ್ಕ?" ಎಂದಳು ತಂಗಿ.

ತಟ್ಟೆಯ ಕೆಳಗೆ ಮಡಿಲಲ್ಲಿ ಬ್ಲೂಮಾಳ ಬೆರಳುಗಳು ಕೊನೆಯ ಹುಕ್ಕನ್ನು ಇನ್ನೂ ಹಾಕುತ್ತಿದ್ದವು.