ಮೂರನೇ ಮಹಡಿಗೆ ಬಂದವನು

ಜಯಲತಾ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಾಗ ಮಗಳು ನಿಶ್ಮಿತಾ ಶಾಲೆಯ ಯೂನಿಫಾರ್ಮಿನಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತಿದ್ದಳು. ಗೋಡೆಗೆ ಹೊಡೆದ ದೇವರ ಹಲಗೆಯ ಮೇಲೆ ಏನಕ್ಕೋ ಕುಂಕುಮ ಹಚ್ಚುತ್ತಿದ್ದಳು. ಅತ್ತೆ ಸುಗುಣಾ ಮಂಚದ ಮೇಲೆ ಕೂತಲ್ಲಿಂದಲೇ ಹೇಳಿಕೊಡುತ್ತಿದ್ದರು: ಸರಿ ನಡುವಿಗೆ ಹಚ್ಚು, ಉಂಗುರ ಬೆರಳಲ್ಲಿ ಹಚ್ಚು, ಒತ್ತಬೇಡ, ಮುರಿದೀತು. ಅವರು ಮಧ್ಯಾಹ್ನ ಬಂಗುಡೆ ಗಸಿಯಲ್ಲಿ ಉಂಡಿದ್ದರು. ಮೀನು ತಿಂದ ಕೈಯಲ್ಲಿ ಆ ಹಲಗೆಯನ್ನು ಮುಟ್ಟುವಂತಿರಲಿಲ್ಲ. ಮಗು ಇನ್ನೂ ಊಟಕ್ಕೆ ಕೂತಿರಲಿಲ್ಲವಾದ್ದರಿಂದ ಕೆಲಸ ಅವಳ ಪಾಲಿಗೆ ಬಂದಿತ್ತು.

ಗಣಪತಿಯ ಪಟಕ್ಕೂ ಕಟೀಲಿನ ಅಮ್ಮನ ಪಟಕ್ಕೂ ನಡುವೆ ಒಂದು ಬಿಳಿ ಬಿಲ್ಲೆ ಇತ್ತು. ಒಂದು ರೂಪಾಯಿಯ ಹಳೆಯ ನಾಣ್ಯದಷ್ಟು ಅಗಲ, ಹಪ್ಪಳಕ್ಕಿಂತ ತೆಳು. ಫ್ಯಾನಿನ ಗಾಳಿಗೆ ಒಂದಿಷ್ಟು ಜರುಗಿದಂತೆ ಕಂಡಿತು.

"ಎಂತ ಅದು?"

"ಪ್ರಸಾದ್," ಎಂದಳು ನಿಶ್ಮಿತಾ, ತಿರುಗದೆಯೇ. "ಸ್ಕೂಲ್ ಮೇ ಮಿಲಾ. ಅಜ್ಜಿ ಕೇ ಲಿಯೇ."

ಮನೆಯವರು ಆಡುವ ತುಳು ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಆದರೆ ಉತ್ತರ ಯಾವಾಗಲೂ ಹಿಂದಿಯಲ್ಲೇ.

ಅಜ್ಜಿಗೆಂದು ತರುವುದು ಆ ಮನೆಯ ಪದ್ಧತಿಯಾಗಿತ್ತು. ಡೊಂಬಿವಲಿಯ ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮೂರನೇ ಮಹಡಿಯಿಂದ ನೆಲಕ್ಕೆ ಐವತ್ತನಾಲ್ಕು ಮೆಟ್ಟಿಲು. ಉಡುಪಿ ಕಡೆಯಿಂದ ಮಗನ ಮನೆಗೆ ಬಂದ ವರ್ಷವೇ ಸುಗುಣಾರ ಮಂಡಿಗಳು ಕೈಕೊಟ್ಟಿದ್ದವು. ಎಂಟು ತಿಂಗಳಿಂದ ಅವರು ಕೆಳಗೆ ಇಳಿದಿರಲಿಲ್ಲ. ಹಾಗಾಗಿ ಇಳಿದವರು ತರಬೇಕು. ಪಕ್ಕದ ವಿಂಗಿನ ಸತ್ಯನಾರಾಯಣ ಪೂಜೆಯ ಶಿರಾ, ಗಣೇಶೋತ್ಸವದ ಮೋದಕ, ಅಂಬರನಾಥದ ಗುಡಿಯ ಬೂದಿ, ಎಲ್ಲವೂ ನಿಶ್ಮಿತಾಳ ಮುಷ್ಟಿಯಲ್ಲೋ ಕರವಸ್ತ್ರದಲ್ಲೋ ಮೆಟ್ಟಿಲು ಹತ್ತಿ ಬರುತ್ತಿದ್ದವು. ದೇವರದ್ದು ಏನು ಸಿಕ್ಕಿದರೂ ಒಬ್ಬಳೇ ತಿಂದು ಬರಬಾರದು ಎಂದು ಕಲಿಸಿದವಳು ಜಯಲತಾಳೇ.

ಮಗಳು ಉಣ್ಣುತ್ತ, ಅನ್ನದಲ್ಲಿ ಗೆರೆ ಎಳೆಯುತ್ತ, ತುಂಡು ತುಂಡಾಗಿ ಹೇಳಿದಳು. ತಿಂಗಳ ಮೊದಲ ಶುಕ್ರವಾರ ಶಾಲೆಯೊಳಗಿನ ಸಣ್ಣ ಚರ್ಚು, ಚಾಪೆಲಿನಲ್ಲಿ ಪೂಜೆ ಇರುತ್ತದೆ. ಹಗಲಲ್ಲೇ ಮೇಣದಬತ್ತಿ ಹಚ್ಚುತ್ತಾರೆ. ಹಾಡಿನ ಕೊನೆಗೆ ಕ್ರಿಶ್ಚಿಯನ್ ಮಕ್ಕಳು ಸಾಲಾಗಿ ಮುಂದೆ ಹೋಗುತ್ತಾರೆ, ಉಳಿದವರು ಬೆಂಚಿನಲ್ಲೇ ಕೂರಬೇಕು. ಇವತ್ತು ಯಾರೋ ಹುಡುಗಿಗೆ ವಾಂತಿಯಾಗಿ ಟೀಚರ್ ಅವಳನ್ನು ಹೊರಗೆ ಕರೆದುಕೊಂಡು ಹೋಗಿದ್ದರು. ಪಕ್ಕದಲ್ಲಿ ಕೂರುವ ರೆನಿಟಾ ಎದ್ದಳು, ಅವಳ ಹಿಂದೆ ಇವಳೂ ಎದ್ದಳು. ಫಾದರ್ ಏನೋ ಹೇಳಿದರು, ಎಲ್ಲರಂತೆ ಇವಳೂ ಆಮೆನ್ ಅಂದಳು, ಅಂಗೈಗೆ ಬಿಲ್ಲೆ ಬಂತು. ಎಲ್ಲರೂ ಬಾಯಿಗೆ ಹಾಕಿಕೊಂಡರು. ಇವಳ ಅಂಗೈಯಲ್ಲಿದ್ದದ್ದಕ್ಕೆ ತೂಕವೇ ಇರಲಿಲ್ಲವಂತೆ. ಅದು ಇದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ಕರವಸ್ತ್ರ ಬಿಚ್ಚಿ ಬಿಚ್ಚಿ ನೋಡಿದಳಂತೆ.

ಜಯಲತಾಳಿಗೆ ನಗು ಬಂತು. ಅದು ನಿಂತದ್ದು ಚೀಲದಿಂದ ಡೈರಿ ತೆಗೆದಾಗ. ಕೆಂಪು ಶಾಯಿಯಲ್ಲಿ ಒಂದೇ ಸಾಲಿತ್ತು: ನಾಳೆ ಬೆಳಿಗ್ಗೆ ಎಂಟೂವರೆಗೆ ಪಾಲಕರು ಪ್ರಿನ್ಸಿಪಾಲರನ್ನು ಕಾಣತಕ್ಕದ್ದು. ಕಾರಣ ಬರೆದಿರಲಿಲ್ಲ.

ಎರಡನೇ ಮಹಡಿಯ ಸೆವ್ರಿನ್ ಬಾಯಿ ಬಜ್ಪೆ ಕಡೆಯ ಕ್ರಿಶ್ಚಿಯನ್ನರು, ತುಳು ಆಡುವವರು, ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರು. ಜಯಲತಾ ಅವರನ್ನು ಕರೆತಂದಳು. ಮಾತಾಡುತ್ತಲೇ ಬಂದ ಸೆವ್ರಿನ್ ಬಾಯಿ ಹಲಗೆಯತ್ತ ಕಣ್ಣು ಹಾಯಿಸಿ ಅರ್ಧದಲ್ಲಿ ನಿಂತರು. ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಮಂಚದ ತುದಿಯಲ್ಲಿ ಮೆಲ್ಲಗೆ ಕೂತರು.

"ಇದು ನಿಮ್ಮ ಶಿರಾದ ಹಾಗೆ ಅಲ್ಲ ಜಯಾ. ಪೂಜೆಯಲ್ಲಿ ಫಾದರ್ ಮಂತ್ರಿಸಿ ಕೊಡುವ ರೊಟ್ಟಿ ಇದು, ಮನೆಗೆ ತರಲಿಕ್ಕೆ ಇಲ್ಲ. ನಾನು ಸಹ ತರುವ ಹಾಗಿಲ್ಲ. ಅಲ್ಲೇ ನಿಂತು ತಿನ್ನಬೇಕು."

"ಪ್ರಸಾದವೇ ಅಲ್ವಾ ಬಾಯಿ?"

"ಅಲ್ಲ ಮಾರಾಯ್ತಿ. ಅದು ಅವನೇ."

ಬಾಯಿಯವರ ಕೈ ಕೊರಳ ಶಿಲುಬೆಯ ಮೇಲಿತ್ತು, ಯಾರು ಎಂದು ಕೇಳಬೇಕಾಗಿರಲಿಲ್ಲ. ಬಾಯಿ ಹೋಗುವಾಗ ಬಾಗಿಲಲ್ಲಿ ತಗ್ಗಿದ ದನಿಯಲ್ಲಿ, ಯಾರೋ ಕಂಡು ಹೇಳಿರಬೇಕು, ಪ್ರಿನ್ಸಿಪಾಲ್ ಸಿಸ್ಟರ್ ಐವಿ ಇಂಥದ್ದನ್ನು ಸುಮ್ಮನೆ ಬಿಡುವವರಲ್ಲ, ಆದರೂ ನೀನು ಹೆದರಬೇಡ ಎಂದರು. ಹೆದರಬೇಡ ಎಂದ ಮೇಲೆ ಜಯಲತಾಳಿಗೆ ಹೆದರಿಕೆ ಹತ್ತಿತು. ಆ ಶಾಲೆಯ ಫಾರ್ಮಿಗಾಗಿ ಅವಳು ಬೆಳಕು ಹರಿಯುವ ಮೊದಲೇ ಸಾಲಿನಲ್ಲಿ ನಿಂತಿದ್ದಳು. ಹಿಂದೆ ದಿವಾದಿಂದ ಬಂದವರು, ಮುಂದೆ ಕಲ್ಯಾಣದಿಂದ ಬಂದವರು. ಕಳೆದ ವರ್ಷ ಯಾವುದೋ ಮಗುವಿಗೆ ನಡುವರ್ಷದಲ್ಲೇ ಟಿ.ಸಿ. ಕೊಟ್ಟರು ಎಂಬ ಮಾತು ಕಟ್ಟಡದ ಹೆಂಗಸರಲ್ಲಿ ಓಡಾಡಿತ್ತು. ಯಾಕೆ ಎಂಬುದನ್ನು ಒಬ್ಬೊಬ್ಬರು ಒಂದೊಂದು ತರ ಹೇಳಿದ್ದರು. ಠಾಣೆಯ ಹೋಟೆಲಿನ ಕೌಂಟರಿನಲ್ಲಿದ್ದ ಗಂಡ ಜಯಶೀಲನಿಗೆ ಫೋನ್ ಮಾಡಿದರೆ, ಇಡ್ಲಿ ಪ್ಲೇಟುಗಳ ಸದ್ದಿನ ನಡುವೆ ಅವನು, ವಾಪಸ್ ಕೊಟ್ಟು ಸಾರಿ ಕೇಳಿ ಮುಗಿಸು ಅಂದ.

ವಾಪಸ್ ಕೊಡಬೇಕು. ಅದನ್ನು ಅತ್ತೆಗೆ ಹೇಳಲು ಅವಳಿಗೆ ಸಂಜೆಯಾಯಿತು. ಸುಗುಣಾ ಮಂಚವನ್ನು ಬಿಟ್ಟು, ಮೊಣಕಾಲು ಚಾಚಿ, ಹಲಗೆಯ ಕೆಳಗೆ ನೆಲದ ಮೇಲೆ ಬಂದು ಕೂತಿದ್ದರು. ಅವರು ಹಾಗೆ ನೆಲಕ್ಕೆ ಕೂತು ಎಷ್ಟು ದಿನವಾಗಿತ್ತೋ. ಕಿಟಕಿಯಿಂದ ಬಂದ ಬಿಸಿಲು ಅಡ್ಡಗೋಡೆಯ ಮೇಲೆ ಮೆಲ್ಲಗೆ ಏರುತ್ತ, ಪಟಗಳನ್ನು ದಾಟಿ, ಬಿಳಿ ಬಿಲ್ಲೆಯ ಮೇಲೆ ನಿಂತಿತು. ಅದರೊಳಗಿಂದಲೇ ಬೆಳಕು ಬರುತ್ತಿದೆಯೋ ಎನ್ನುವ ಹಾಗೆ ಅದು ಅರೆಪಾರದರ್ಶಕವಾಯಿತು. ನಡುವಿನ ಕೆಂಪು ಮಾತ್ರ ಗಟ್ಟಿಯಾಗಿ ಉಳಿಯಿತು. ಕೆಳಗೆ ರಿಕ್ಷಾಗಳ ಸದ್ದು, ಅದರಾಚೆ ಲೋಕಲ್ ರೈಲಿನ ಸದ್ದು, ಎಲ್ಲವೂ ನೀರಿನ ಕೆಳಗಿನಿಂದ ಕೇಳುವಂತಿತ್ತು.

"ಕೊಡುವುದಿಲ್ಲ," ಎಂದರು ಸುಗುಣಾ. ಸಿಟ್ಟಿನಿಂದಲ್ಲ. "ಬೆಳಿಗ್ಗೆ ಮಿಂದು ಬಾಯಿಗೆ ಹಾಕಿಕೊಳ್ಳುವ ಅಂತ ಇಟ್ಟದ್ದು ನಾನು. ಬಂದ ಪ್ರಸಾದವನ್ನು ಯಾರಾದರೂ ವಾಪಸ್ ಕೊಡುತ್ತಾರಾ?"

"ಅದು ಪ್ರಸಾದ ಅಲ್ಲವಂತೆ ಮಾಮಿ. ಬಾಯಿ ಹೇಳಿದ್ದು ನೀವೂ ಕೇಳಿದ್ದೀರಿ."

"ಕೇಳಿದೆ. ಅದಕ್ಕೇ ಹೇಳುವುದು. ಅವನೇ ಅಂದಳಲ್ಲ. ನನಗೆ ಇಳಿಯಲಿಕ್ಕೆ ಆಗದ ಮೆಟ್ಟಿಲನ್ನು ಅವನು ಹತ್ತಿ ಬಂದಿದ್ದಾನೆ. ಎಂಟು ತಿಂಗಳಲ್ಲಿ ಒಬ್ಬ ದೇವರು ಬಂದದ್ದಿಲ್ಲ, ಬರೀ ಅವರ ಉಂಡೆ, ಬೂದಿ ಬಂದದ್ದು. ಬಂದವನನ್ನು ಮಾರನೇ ದಿನವೇ ಎಬ್ಬಿಸಿ ಕಳಿಸುವುದಾ?"

ಮಗಳು ಒಳಗೆ ಹೋಂವರ್ಕ್ ಮಾಡುತ್ತಿದ್ದಳು. ಡೈರಿಯಲ್ಲಿ ಬರೆದದ್ದು ತನ್ನ ಕೈಬರಹದ ಬಗ್ಗೆ ಎಂದು ಅವಳು ತಿಳಿದಿದ್ದಳು, ಒಂದೊಂದು ಅಕ್ಷರವನ್ನೂ ದುಂಡಗೆ ತಿದ್ದುತ್ತಿದ್ದಳು. ಜಯಲತಾ ಅದನ್ನು ಅತ್ತೆಗೆ ಹೇಳಿದಳು. ಅದನ್ನು ಮಾತ್ರ ಹೇಳಿದಳು. ಬಿಸಿಲು ಹಲಗೆಯಿಂದ ಮೇಲಕ್ಕೆ ಹೋಗಿ ಸೂರಿನ ಮೂಲೆಯಲ್ಲಿ ಕರಗಿತು.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಿಂದವರು ಅವರು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದು, ತಾವೇ ಆ ಬಿಲ್ಲೆಯನ್ನು ಎರಡು ಬೆರಳುಗಳಲ್ಲಿ ಎತ್ತಿ, ಸ್ಟೀಲಿನ ಸಣ್ಣ ಡಬ್ಬಿಯಲ್ಲಿ ತುಳಸಿ ಎಲೆಯ ಮೇಲೆ ಇಟ್ಟರು. ತುಟಿಯ ಹತ್ತಿರ ಒಯ್ಯಲಿಲ್ಲ. ಜಯಲತಾ ಮುಚ್ಚಳ ಒತ್ತಲು ಹೋದರೆ ತಡೆದರು.

"ಬಿಗಿ ಮಾಡಬೇಡ. ಉಸಿರು ಕಟ್ಟೀತು." ಆಮೇಲೆ ಅಂದರು, "ಕೊಟ್ಟು ಓಡಿ ಬರಬೇಡ. ಎಲ್ಲಿ ಹೋದ, ಹೇಗೆ ಹೋದ, ಕಣ್ಣಾರೆ ಕಂಡು ಬಂದು ನನಗೆ ಹೇಳಬೇಕು."

ಬಾಗಿಲ ತನಕ ಬಂದವರು ಬಾಗಿಲಲ್ಲಿ ನಿಲ್ಲಲಿಲ್ಲ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ತಿರುವಿನವರೆಗೆ ಇಳಿದರು. ನಿಶ್ಮಿತಾ ಕೆಳಗಿನಿಂದ ಎಣಿಸುತ್ತಿದ್ದಳು. ಹನ್ನೊಂದು. ಮುಂದೆ ಹೋಗಲಾಗದೆ ಅಲ್ಲೇ ಕಂಬಿಗೆ ಒರಗಿ ನಿಂತರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಫೈಲುಗಳ ವಾಸನೆ ಇತ್ತು. ಸಿಸ್ಟರ್ ಐವಿ ವಸಯಿ ಕಡೆಯವರು, ಐವತ್ತು ದಾಟಿದವರು. ಕಣ್ಣಿನ ಕೆಳಗೆ ನಿದ್ದೆ ಇಲ್ಲದ ಕಪ್ಪು. ಕೂರಲು ಹೇಳಿ, ಮಗುವಿನ ಕೈಯಲ್ಲಿ ಕೊಟ್ಟದ್ದು ಎಲ್ಲಿದೆ ಎಂದು ಹಿಂದಿಯಲ್ಲಿ ಕೇಳಿದರು. ಡೈರಿ ಬರೆಯುವಾಗ ಮಗು ಸಾಲಿಗೆ ಹೋದದ್ದಷ್ಟೇ ಗೊತ್ತಿತ್ತು, ತಿನ್ನದೆ ಒಯ್ದದ್ದು ತಿಳಿದದ್ದು ಶಾಲೆ ಬಿಟ್ಟ ಮೇಲೆ ಎಂದರು. ಅವರ ಪ್ರಶ್ನೆಯಲ್ಲಿ ಗದರಿಕೆಗಿಂತ ಹೆಚ್ಚಾಗಿ ಆತಂಕವಿತ್ತು. ಕಸದ ಬುಟ್ಟಿ, ಇರುವೆ, ಚರಂಡಿ, ರಾತ್ರಿಯೆಲ್ಲ ಏನೇನನ್ನು ಕಲ್ಪಿಸಿಕೊಂಡಿದ್ದರೋ. ಜಯಲತಾ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು.

ಹಸಿರು ಎಲೆ, ಅದರ ಮೇಲೆ ಬಿಳಿ, ಅದರ ನಡುವೆ ಕೆಂಪು. ಸಿಸ್ಟರ್ ನೋಡುತ್ತಲೇ ಇದ್ದರು.

"ಇದು ಯಾರು ಹಚ್ಚಿದ್ದು?"

"ನಾನು," ಎಂದಳು ನಿಶ್ಮಿತಾ. ತಾಯಿಯ ಮುಖ ನೋಡಿ, ತಪ್ಪಾಯಿತೇನೋ ಎಂದು ದನಿ ಇಳಿಸಿದಳು. "ಸರಿಯಾಗಿ ನಡುವಿಗೇ ಹಚ್ಚಿದ್ದೇನೆ."

"ಎಲ್ಲರೂ ತಿಂದರಲ್ಲ ಮಗು. ನೀನು ಯಾಕೆ ತಿನ್ನಲಿಲ್ಲ?"

"ನಮ್ಮ ಅಜ್ಜಿಗೆ ಮೆಟ್ಟಿಲು ಇಳಿಯಲಿಕ್ಕೆ ಆಗುವುದಿಲ್ಲ."

ಸಿಸ್ಟರ್‌ಗೆ ಅದು ಉತ್ತರವಾಗಿ ಕೇಳಿಸಲಿಲ್ಲವೇನೋ, ಅವರು ಜಯಲತಾಳತ್ತ ತಿರುಗಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತುಗಳೆಲ್ಲ ಅವಳಿಗೆ ಮರೆತುಹೋಗಿದ್ದವು. ಒಡಕು ಹಿಂದಿಯಲ್ಲಿ ಅವಳು ಹೇಳಿದಳು: "ತಪ್ಪು ಅವಳದ್ದಲ್ಲ ಸಿಸ್ಟರ್. ದೇವರದ್ದು ಸಿಕ್ಕಿದರೆ ಒಬ್ಬಳೇ ತಿನ್ನಬೇಡ, ಮನೆಗೆ ತಾ ಅಂತ ನಾನು ಕಲಿಸಿದ್ದು. ಅವಳು ಒಳ್ಳೆಯ ಕೆಲಸವೇ ಮಾಡಿದ್ದೇನೆ ಅಂದುಕೊಂಡಿದ್ದಾಳೆ. ಏನು ಹೇಳುವುದಿದ್ದರೂ ನನಗೆ ಹೇಳಿ. ಅವಳಿಗೆ ಹೇಳಬೇಡಿ."

ಹೊರಗೆ ಕಾರಿಡಾರಿನಲ್ಲಿ ಮಕ್ಕಳ ಸಾಲೊಂದು ಗುಸುಗುಸು ಎನ್ನುತ್ತ ಹಾದುಹೋಯಿತು. ಸಿಸ್ಟರ್ ಫೋನೆತ್ತಿ ಇಂಗ್ಲಿಷಿನಲ್ಲಿ ಫಾದರ್ ಜೊತೆ ಮಾತಾಡಿದರು. ಇಲ್ಲ, ಮುರಿದಿಲ್ಲ ಎಂದರು. ಸ್ವಲ್ಪ ತಡೆದು, ಇಲ್ಲ, ಅಗೌರವ ಆಗಿಲ್ಲ ಎಂದರು. ಫೋನ್ ಇಟ್ಟು ನಿಶ್ಮಿತಾಳ ಕಾಲರ್ ಸರಿಮಾಡಿದರು.

"ಥರ್ಡ್ ಬಿ ಅಲ್ವಾ? ಮ್ಯಾಥ್ಸ್ ಶುರುವಾಗಿದೆ. ಹೋಗು."

ಅವಳು ಚೀಲ ಕುಣಿಸುತ್ತ ಓಡಿದಳು. ತಾನು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದದ್ದು ಜಯಲತಾಳಿಗೆ ಗೊತ್ತಾದದ್ದು ಬೆರಳು ಸಡಿಲವಾದ ಮೇಲೆ.

ಕುಂಕುಮ ಹತ್ತಿದ್ದರಿಂದ ಅದನ್ನು ಈಗ ಯಾರೂ ತಿನ್ನಲಾಗದು, ನೀರಿನಲ್ಲಿ ಪೂರ್ತಿ ಕರಗಲು ಬಿಟ್ಟು ಆಮೇಲೆ ಯಾರೂ ತುಳಿಯದ ಮಣ್ಣಿಗೆ ಹಾಕಬೇಕು, ಇದೇ ನಮ್ಮ ನಿಯಮ ಎಂದರು ಸಿಸ್ಟರ್. ಶಾಲೆಯ ಸಣ್ಣ ಚಾಪೆಲಿನಲ್ಲಿ, ಪೀಠದ ಪಕ್ಕದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಗಾಜಿನ ಲೋಟದಲ್ಲಿ ನೀರು ತಂದಿಟ್ಟರು. ಬಿಲ್ಲೆಯನ್ನು ಅದರೊಳಗೆ ಬಿಟ್ಟು, ಬಹಳ ಹೊತ್ತು ಬೇಕಾಗುತ್ತದೆ, ನೀವು ಮನೆಗೆ ಹೋಗಬಹುದು ಎಂದರು.

"ನಾನು ಕೂತುಕೊಳ್ಳಬಹುದಾ? ಕಣ್ಣಾರೆ ಕಂಡು ಬಾ ಅಂತ ಹೇಳಿ ಕಳಿಸಿದ್ದಾರೆ."

ಸಿಸ್ಟರ್ ತಲೆಯಾಡಿಸಿ ಹೋದರು. ಜಯಲತಾ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಮೊದಲ ಬೆಂಚಿನಲ್ಲಿ ಕೂತಳು. ಬಿಲ್ಲೆ ಮುಳುಗಲಿಲ್ಲ, ನೀರಿನ ಮೇಲೆ ಆರಾಮಾಗಿ ಮಲಗಿತು. ಕುಂಕುಮದಿಂದ ಒಂದು ಕೆಂಪು ಎಳೆ ಬಿಡಿಸಿಕೊಂಡು, ದಾರದಂತೆ ಸುತ್ತುತ್ತ ತಳಕ್ಕೆ ಇಳಿಯಿತು. ಅದರ ಹಿಂದೆ ಇನ್ನೊಂದು ಎಳೆ. ಮೂರನೇ ಬಿ ತರಗತಿಯವರು ಏಳರ ಮಗ್ಗಿ ಹೇಳುತ್ತಿದ್ದರು. ಅದು ಎಂಟರದ್ದಾಯಿತು, ಒಂಬತ್ತರದ್ದಾಯಿತು. ಕಿಟಕಿಯ ಬಣ್ಣದ ಗಾಜು ನೆಲದ ಮೇಲೆ ಚೆಲ್ಲಿದ್ದ ನೀಲಿ ತುಂಡು ಅವಳ ಪಾದದ ಮೇಲೆ ಹತ್ತಿ, ದಾಟಿ ಹೋಯಿತು. ಅವಳಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಏನೋ ಕವಿಯಿತು. ಮೆಟ್ಟಿಲ ತಿರುವಿನಲ್ಲಿ ಅತ್ತೆ ಇನ್ನೂ ನಿಂತೇ ಇದ್ದಾರೆ, ಕಟ್ಟಡ ಮಾತ್ರ ಮೆಲ್ಲಗೆ ನೀರಿನೊಳಗೆ ಇಳಿಯುತ್ತಿದೆ, ಒಂದೊಂದೇ ಮೆಟ್ಟಿಲು, ಯಾರಿಗೂ ನೋವಿಲ್ಲದೆ, ಅನಿಸಿತು. ಎಚ್ಚೆತ್ತು ನೋಡಿದಾಗ ಬಿಲ್ಲೆಯ ಅಂಚು ಮೋಡದಂತೆ ಬಿಚ್ಚಿಕೊಂಡಿತ್ತು.

ಸಿಸ್ಟರ್ ನಡುನಡುವೆ ಬಂದು ನೋಡಿ ಹೋದರು. ಹನ್ನೊಂದರ ಸುಮಾರಿಗೆ ಬಂದವರು ಹೋಗಲಿಲ್ಲ, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಅಜ್ಜಿ ಕೆಳಗೆ ಇಳಿಯುವುದೇ ಇಲ್ಲವಾ ಎಂದು ಕೇಳಿದರು.

"ಇವತ್ತು ಹನ್ನೊಂದು ಮೆಟ್ಟಿಲು ಇಳಿದರು," ಎಂದಳು ಜಯಲತಾ. "ಇವರನ್ನು ಕಳಿಸಲಿಕ್ಕೆ."

ಸಿಸ್ಟರ್ ಲೋಟದ ಕಡೆ ನೋಡಿದರು.

ಶಾಲೆ ಬಿಡುವ ಹೊತ್ತಿಗೆ ಲೋಟದಲ್ಲಿ ಆಕಾರವೆಂಬುದು ಉಳಿದಿರಲಿಲ್ಲ, ತೆಳ್ಳಗಿನ ಗುಲಾಬಿ ನೀರಷ್ಟೇ ಇತ್ತು. ಚಾಪೆಲಿನ ಹಿಂದೆ ಗೋಡೆಗೆ ತಾಗಿ ಒಂದು ದಾಸವಾಳದ ಗಿಡವಿತ್ತು, ಮಕ್ಕಳು ಬರದ ಜಾಗ. ಸಿಸ್ಟರ್ ಸೊಂಟ ಬಗ್ಗಿಸಿ ಬುಡಕ್ಕೆ ನೀರನ್ನು ಸುತ್ತಲೂ ಹೊಯ್ದರು. ಒಣಮಣ್ಣು ಅದನ್ನು ಸದ್ದಿಲ್ಲದೆ ಕುಡಿಯಿತು. ಜಯಲತಾ ಬರಿಗಾಲಿನಲ್ಲಿ ಪಕ್ಕದಲ್ಲಿ ನಿಂತಿದ್ದಳು. ಲೋಟದ ಅಂಚಿನಲ್ಲಿ ಒಂದು ಹನಿ ಉಳಿದುಕೊಂಡಿತು. ಸಿಸ್ಟರ್ ಲೋಟವನ್ನು ಕೊಡವಲಿಲ್ಲ, ಬಾಗಿಸಿಯೇ ಹಿಡಿದುಕೊಂಡರು. ಅದು ತಾನಾಗಿ ಬೀಳುವುದನ್ನು ಇಬ್ಬರೂ ಕಾದರು.