ಹೆಚ್ಚಿದ ರಾಗಿ

ನಮ್ಮತ್ತೆ ಚನ್ನಮಲ್ಲಮ್ಮನಂಥ ಬಿಗಿಕೈ ಹೆಂಗಸು ಇಡೀ ಮಿಡಿಗೇಶಿಯಲ್ಲಿ ಇರಲಿಲ್ಲ. ಯುದ್ಧದ ಕಾಲ, ಬೆಂಕಿಕಡ್ಡಿಗೂ ಬರ. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಬೆಳಗಿನವರೆಗೂ ಕಾಯುತ್ತಿದ್ದಳು. ಹಿಂಡಿದ ಹುಣಿಸೆಹಣ್ಣನ್ನೇ ಮತ್ತೆ ನೆನೆಹಾಕಿ ಮರುದಿನದ ಸಾರಿಗೂ ಹಿಂಡುತ್ತಿದ್ದಳು. ನಾನು ಒಗ್ಗರಣೆಗೆ ಎಣ್ಣೆ ಬಿಡುವಾಗ ಪಕ್ಕದಲ್ಲೇ ನಿಂತು, "ಸಾಕು ಬುಡವ್ವ, ಎಣ್ಣೆಸ್ನಾನಕ್ಕೆ ಹುಯ್ತಿದೀಯ?" ಅನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷವಂತೂ ಅವಳ ಜಿಪುಣತನ ಮಿತಿಮೀರಿತು. ಬೀಸಲು ಕೂತಾಗಲೆಲ್ಲ ಮೊರದಿಂದ ಒಂದು ಹಿಡಿ ರಾಗಿ ತೆಗೆದು ಅಟ್ಟದ ಮೇಲಿನ ಮಡಕೆಗೆ ಹಾಕುವಳು. ಮುದ್ದೆ ಸಣ್ಣದಾಗುತ್ತ ಬಂತು. ನನ್ನ ಗಂಡ ರುದ್ರಯ್ಯ ತಟ್ಟೆ ನೋಡಿ ಅವ್ವನ ಮುಖ ನೋಡುತ್ತಿದ್ದ, ಅಷ್ಟೆ. ಆ ರಾಗಿ ನಾದಿನಿ ಸಿದ್ದಗಂಗಮ್ಮನ ಬಾಣಂತನಕ್ಕೆ. ಅವಳ ಮೊದಲೆರಡು ಕೂಸುಗಳು ಎದೆಹಾಲು ಸಾಲದೆ ಹೋಗಿದ್ದವು. ಈ ಸಲ ತವರಲ್ಲಿ ಹೊಟ್ಟೆತುಂಬ ಉಂಡು ಕೂಸನ್ನು ಉಳಿಸಿಕೊಳ್ಳಲಿ ಎಂದು ಅತ್ತೆಯ ಹಟ. ಅದು ತಿಳಿದ ಮೇಲೆ ನಾನೂ ಬಾಯಿ ಮುಚ್ಚಿಕೊಂಡೆ.

ನಮ್ಮ ಕಡೆ ಮನೆಯಲ್ಲಿ ಕಾಳುಕಡ್ಡಿ ಮುಗಿದರೆ "ಇಲ್ಲ" ಅನ್ನುವುದಿಲ್ಲ, "ಹೆಚ್ಚಿದೆ" ಅನ್ನುತ್ತೇವೆ. ಅದರಲ್ಲೂ ಬಸುರಿ ಇರುವ ಮನೆಯಲ್ಲಿ "ಇಲ್ಲ" ಅಂದರೆ ಆ ಮಾತು ಅವಳ ಮಡಿಲಿಗೇ ತಟ್ಟುತ್ತದೆ ಎಂದು ಅತ್ತೆಯ ನಂಬಿಕೆ.

ಸಿದ್ದಗಂಗಮ್ಮ ದಿನ ತುಂಬಿ ಕೂತಿದ್ದಾಗ ಲೆವಿಯವರು ಬಂದರು. ಮನೆಖರ್ಚಿಗೆ ಮೀರಿದ ಧಾನ್ಯವನ್ನೆಲ್ಲ ಸರ್ಕಾರಕ್ಕೆ ಎತ್ತಿಕೊಂಡು ಹೋಗುತ್ತಿದ್ದ ಕಾಲ ಅದು. ಇನ್‌ಸ್ಪೆಕ್ಟರು ತಮಿಳು ಸೀಮೆಯವನು, ಪುಸ್ತಕ ಓದಿ ಕನ್ನಡ ಕಲಿತವನು. ಜೊತೆಗೆ ನಮ್ಮ ಪಟೇಲ ವೃಷಭೇಂದ್ರಪ್ಪ. ರುದ್ರಯ್ಯ ಶಿರಾ ಸಂತೆಗೆ ಹೋಗಿದ್ದ.

"ಮನೆಯಲ್ಲಿ ರಾಗಿ ಎಷ್ಟಿದೆ?"

"ರಾಗಿ ಹೆಚ್ಚೈತೆ ಕಣಪ್ಪ," ಅಂದಳು ಅತ್ತೆ.

ಅವನ ಮುಖ ಅರಳಿತು. ಇಷ್ಟು ಪ್ರಾಮಾಣಿಕ ಮುದುಕಿಯನ್ನು ಅವನು ತಾಲ್ಲೂಕಿನಲ್ಲೇ ಕಂಡಿರಲಿಲ್ಲವೇನೋ. ಆಳುಗಳು ನೆಲದಡಿಯ ಕಾಳಿನ ಹಗೇವು ತೆಗೆದು ನೋಡಿದರು, ಬರಿದು. ಅಟ್ಟ ಹತ್ತಿ ಮಡಕೆ ಇಳಿಸಿದರು.

ನಾನು ಓಡಿಬಂದೆ. "ಸ್ವಾಮಿ, ಹೆಚ್ಚೈತೆ ಅಂದ್ರೆ ಮುಗಿದೈತೆ ಅಂತ! ಇದೊಂದು ಬಾಣಂತಿಗೆ ಅಂತ ಎತ್ತಿಟ್ಟಿರೋದು. ಬೇಕಾದ್ರೆ ಪಟೇಲ್ರನ್ನ ಕೇಳಿ!"

ವೃಷಭೇಂದ್ರಪ್ಪನಿಗೆ ಆ ಮಾತು ಗೊತ್ತಿಲ್ಲದೆ ಏನು? ಅವನ ಹೆಂಡತಿ ಬಾಯಲ್ಲೂ ಅದೇ ಮಾತು. ಆದರೆ ಊರಿನ ಪಾಲು ಕಡಿಮೆ ಬಿದ್ದರೆ ಅವನ ಕಣಜಕ್ಕೇ ಕೈಹಾಕುತ್ತಾರೆ. "ಹೆಚ್ಚು ಅಂದ್ರೆ ಹೆಚ್ಚೇ ಸ್ವಾಮಿ," ಅಂದ, ಗೋಡೆ ನೋಡುತ್ತ. ಅವನ ಬಾಯಿಗೆ ಹುಳ ಬೀಳ!

ಇನ್‌ಸ್ಪೆಕ್ಟರು ಕೆಟ್ಟವನಲ್ಲ. ಅತ್ತೆಯ ಕಡೆ ತಿರುಗಿದ. "ಅಜ್ಜಿ, ನೀವೇ ಹೇಳಿ. ಇದು ಬಿಟ್ಟರೆ ಮನೆಯಲ್ಲಿ ರಾಗಿ ಇಲ್ಲ ಅಂತ ಒಂದು ಮಾತು ಹೇಳಿ. ಬಿಟ್ಟು ಹೋಗುತ್ತೇನೆ."

ಅತ್ತೆ ಹಿಂದಿರುಗಿ ನೋಡಿದಳು. ನಡುಮನೆಯ ಬಾಗಿಲಲ್ಲಿ ಸಿದ್ದಗಂಗಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಅಂದ್ಬುಡು ಅತ್ತೆ, ನಿಂಗೆ ಕೈ ಮುಗೀತೀನಿ," ಎಂದು ನಾನು ಅವಳ ತೋಳು ಹಿಡಿದು ಅಲುಗಿಸಿದೆ. "ಇಲ್ಲ" ಅನ್ನುವ ಮಾತು ಅವಳ ಬಾಯಿಂದ ಹೊರಡಲಿಲ್ಲ. ಮಡಕೆ ಗಾಡಿಗೆ ಹೋಯಿತು.

ಗಂಡು ಕೂಸು ಹುಟ್ಟಿತು. ರುದ್ರಯ್ಯ ಕೊರಟಗೆರೆಯವರೆಗೂ ಅಲೆದು ಬಂದ. ಲೆವಿ ಬಳಿದುಕೊಂಡು ಹೋದ ಸೀಮೆಯಲ್ಲಿ ರಾಗಿ ಮಾರುವವರಾದರೂ ಯಾರು? ಹುಣಿಸೆಬೀಜದ ಹಿಟ್ಟಿನ ಅಂಬಲಿ, ಬೇಲಿಸಾಲಿನ ಸೊಪ್ಪು, ಬಾಣಂತಿಗೆ ನಾವು ಕೊಟ್ಟದ್ದು ಅದನ್ನೇ. ಅತ್ತೆ ತನ್ನ ಪಾಲನ್ನೂ ಮಗಳ ತಟ್ಟೆಗೇ ಸುರಿಯುತ್ತಿದ್ದಳು. ಆದರೂ ಹಾಲಿಳಿಯಲಿಲ್ಲ. ತೊಟ್ಟಿಲಿಗೆ ಹಾಕುವ ಮುಂಚೆಯೇ ಕೂಸು ಹೋಯಿತು.

ಗಂಡನ ಮನೆಗೆ ಹೊರಟ ದಿನ ಅವ್ವ ಹಣೆಗೆ ವಿಭೂತಿ ಹಚ್ಚಲು ಬಂದಾಗ ಸಿದ್ದಗಂಗಮ್ಮ ಆ ಕೈ ಹಿಡಿದು ನಿಲ್ಲಿಸಿದಳು.

"ನನ್ನ ಕೂಸಿಗೆ ಮಾತು ತಟ್ಟೀತು ಅಂತ ಹೆದರಿದ್ಯಲ್ಲವ್ವ, ಹಸಿವು ತಟ್ಟೋದು ಗೊತ್ತಾಗ್ಲಿಲ್ವ?"

ನಾದಿನಿ ಆಮೇಲೆ ತವರಿಗೆ ಬರಲಿಲ್ಲ, ಅತ್ತೆ ಸತ್ತಾಗಲೂ.