ರಾಯ್ಸ್ ಹೇಳುತ್ತಿದ್ದ ಸೂಲಗಿತ್ತಿಯ ಕಥೆ

ರಾಯ್ಸ್ ಟಾಲ್ಬರ್ಟ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಕೇಳುತ್ತಾ ಕೇಳುತ್ತಾ ನಿಮಗೆ ಅವನ ಮೇಲೆ ಸಿಟ್ಟು ಬಂದೀತು. ಕಣಿವೆಯ ಕೆಳಗೆ ಮರ ಕೊಯ್ಯುವ ಮಿಲ್ಲು ನಡೆಸುವವನು. ನಮ್ಮ ಕುದುರೆಗಾಡಿ ಕಂಡರೆ ಟ್ರಕ್ಕನ್ನು ನಿಧಾನ ಮಾಡಿ ಟೋಪಿ ಎತ್ತುವವನು. ಆ ವರ್ಷ ರಾಜ್ಯದ ಶಾಸನಸಭೆಗೆ ನಿಂತಿದ್ದ.

"ಸರ್ಕಾರ ಅನ್ನೋದು ಒಲೆ ಇದ್ದ ಹಾಗೆ. ಅಡುಗೆಮನೇಲಿ ಇದ್ದರೆ ಚೆಂದ, ಮಲಗೋ ಕೋಣೆಗೆ ಬರಬಾರದು" ಅನ್ನುತ್ತಿದ್ದ. ಕ್ಷೌರ ಮಾಡೋಕೂ ಲೈಸೆನ್ಸ್ ಯಾಕೆ? ತಮ್ಮ ಹಸುವಿನ ಹಸಿ ಹಾಲು ಮಾರೋಕೆ ಯಾರ ಅಪ್ಪಣೆ ಯಾಕೆ? ತೆರಿಗೆ ಕಟ್ಟಲಾಗದ ಮುದುಕಿಯ ಮನೆ ಹರಾಜಿಗೆ ಯಾಕೆ? ನಮ್ಮೂರ ರಸ್ತೆಗೆ ಜಲ್ಲಿ ಹಾಕಲು ರಾಜಧಾನಿಯ ಕಡೆ ಯಾಕೆ ನೋಡಬೇಕು? ನಾವು ಆಮಿಶರು, ಕಾರು ಕರೆಂಟು ಬೇಡವೆಂದ ಕ್ರೈಸ್ತ ಪಂಗಡದವರು, ಬಹುಮಟ್ಟಿಗೆ ಓಟು ಹಾಕುವವರಲ್ಲ. ಸರ್ಕಾರದ ಪಿಂಚಣಿಯೂ ಬೇಡ, ಶಾಲೆಯೂ ಬೇಡ ಎಂದು ದೇವರ ನೆರಳಲ್ಲಿ ಬದುಕುವವರು. ಆದರೂ ಅವನ ಮಾತಿಗೆ ನಮ್ಮ ಗಂಡಸರ ಗಡ್ಡಗಳು ಮೆಲ್ಲಗೆ ಆಡುತ್ತಿದ್ದವು.

ಆದರೆ ಅವನ ಭಾಷಣದಲ್ಲಿ ಒಂದು ಕಥೆಯೂ ಇರುತ್ತಿತ್ತು. ಹಿಮ ಬಿದ್ದು ದಾರಿ ಮುಚ್ಚಿದ ಒಂದು ದಿನ ಅವನ ಮಗಳು ಕೆಂಡ್ರಾಗೆ ಮನೆಯಲ್ಲೇ ಹೆರಿಗೆಯಾಗಿತ್ತು. ಮಗು ಬಂದ ಮೇಲೆ ರಕ್ತ ನಿಲ್ಲಲಿಲ್ಲ. ಹತ್ತಿರದ ಒಬ್ಬ ಸೂಲಗಿತ್ತಿ ಬಂದು ಸೂಜಿಮದ್ದು ಚುಚ್ಚಿ ಅವಳನ್ನು ಉಳಿಸಿದಳು. "ಆ ಸೂಲಗಿತ್ತಿಯನ್ನ ನಮ್ಮ ರಾಜ್ಯ ಅಪರಾಧಿ ಅನ್ನುತ್ತೆ!" ಎಂದು ರಾಯ್ಸ್ ಊರೂರಿನಲ್ಲಿ ಹೇಳುತ್ತಿದ್ದ. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಆ ಸೂಲಗಿತ್ತಿ ನನ್ನ ಅಕ್ಕ ಲೊವೈನಾ. ದೀಪ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನು, ಸಲೋಮಾ.

ಲೈಸೆನ್ಸ್ ಬೇಕಾದರೆ ಕಾಲೇಜು ಓದಬೇಕು. ನಮ್ಮಲ್ಲಿ ಎಂಟನೇ ತರಗತಿಗೆ ಓದು ಮುಗಿಯುತ್ತದೆ. ಲೈಸೆನ್ಸ್ ಇಲ್ಲದವಳು ಹೆರಿಗೆ ಮಾಡಿಸಿದರೆ ಸರ್ಕಾರ ಕಂಡೂ ಕಾಣದಂತೆ ಇರುತ್ತಿತ್ತು. ರಕ್ತ ನಿಲ್ಲಿಸುವ ಆ ಸೂಜಿಮದ್ದು ಮುಟ್ಟಿದರೆ ಮಾತ್ರ ಜೈಲು. ರಾಯ್ಸ್‌ನ ಕಥೆ ಒಂದೊಂದು ಊರು ದಾಟಿದಾಗಲೂ ನಾನು ರಸ್ತೆಯ ಕಡೆ ಕಿವಿಯಿಟ್ಟಿರುತ್ತಿದ್ದೆ. ಅಂಗಳಕ್ಕೆ ಗುರುತಿಲ್ಲದ ಕಾರು ಬಂದರೆ, ಮೊಟ್ಟೆ ಕೊಳ್ಳಲು ಬಂದವರೇ ಆದರೂ, ನನ್ನ ಕೈಯ ಹಿಟ್ಟು ಹಾಗೇ ಒಣಗುತ್ತಿತ್ತು.

ಅಕ್ಕ ಒಂದು ದಿನ ಅವನನ್ನು ಜಗಲಿಗೆ ಕರೆದು ಕೂರಿಸಿದಳು. "ಆ ಕಥೆ ಬಿಟ್ಟುಬಿಡಿ, ರಾಯ್ಸ್."

"ಹೆಸರು ಹೇಳಿಲ್ಲ, ಹೇಳೋದೂ ಇಲ್ಲ. ಆದರೆ ಕಥೆ ಬಿಟ್ಟರೆ ಕಾನೂನು ಹೆಂಗೆ ಬದಲಾಗುತ್ತೆ? ನಿಮ್ಮಂಥೋರಿಗಾಗೇ ಅಲ್ವಾ ನಾನು ನಿಂತಿರೋದು?"

"ನಿಂತಿದೀರಿ ಸರಿ. ನಮ್ಮ ಕಾಲಿನ ಮೇಲೆ ನಿಂತಿದೀರಿ."

ರಾಯ್ಸ್ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಆದರೂ ಮುಂದಿನ ವಾರ ಇನ್ನೊಂದು ಊರಿನಲ್ಲಿ ಕಥೆ ಹೇಳಿದ.

ಎಲೆ ಉದುರುವ ಕಾಲಕ್ಕೆ ಬಣವೆ ಊಟ ಬಂತು. ನಮ್ಮಲ್ಲಿ ಯಾರ ಮನೆಗಾದರೂ ಆಸ್ಪತ್ರೆಯ ಖರ್ಚು ಮೇಲೆ ಬಿದ್ದರೆ ಎಲ್ಲರೂ ಸೇರಿ ಈ ಊಟ ಮಾಡುತ್ತೇವೆ. ತಟ್ಟೆಯಲ್ಲಿ ಅನ್ನ, ಅದರ ಮೇಲೆ ಮಾಂಸ, ಟೊಮೆಟೊ, ಎಲೆಕೋಸು, ಕೊನೆಗೆ ಬಿಸಿ ಚೀಸು, ಹುಲ್ಲಿನ ಬಣವೆಯ ಹಾಗೆ. ಆಮಿಶರಲ್ಲದವರೂ ಬಂದು ತಿಂದು, ಮನಸ್ಸಿಗೆ ಬಂದಷ್ಟು ಡಬ್ಬಕ್ಕೆ ಹಾಕಿ ಹೋಗುತ್ತಾರೆ. ಆ ಸಲ ಬಿಸಿನೀರು ಬಿದ್ದು ಸುಟ್ಟುಕೊಂಡ ಮಗುವೊಂದಕ್ಕಾಗಿ. ನಮ್ಮ ಹಿರಿಯ ಯೋಸ್ಟಜ್ಜನ ದೊಡ್ಡ ಕೊಟ್ಟಿಗೆ ತುಂಬಿ ಹೋಗಿತ್ತು. ನಮ್ಮ ಗಾಡಿಯ ಸೀಟಿನ ಕೆಳಗೆ ಅಕ್ಕನ ಚೀಲ. ಅದರೊಳಗೆ, ತಣ್ಣಗಿರಲೆಂದು ಒದ್ದೆ ಬಟ್ಟೆ ಸುತ್ತಿದ ಮದ್ದಿನ ಸೀಸೆ. ಮೇಲಿನ ಹೊಲದ ವರ್ನಾಗೆ ದಿನ ತುಂಬಿತ್ತು. ಹೋದ ಸಲ ಅವಳೂ ರಕ್ತ ಹೋಗಿ ಸಾವಿನ ಬಾಗಿಲು ಮುಟ್ಟಿ ಬಂದವಳು.

ಬಾಗಿಲ ಹತ್ತಿರ ಬೂದು ಕೋಟಿನವನೊಬ್ಬ ತಟ್ಟೆ ಹಿಡಿದು ಕೂತಿದ್ದ. ಪತ್ರಿಕೆಯವನಿರಬೇಕು ಅಂದುಕೊಂಡೆ.

ರಾಯ್ಸ್ ಎದ್ದು ಮಾತಾಡಿದ. "ನೋಡಿ, ಈ ಊಟ ನೋಡಿ! ಇಲ್ಲಿ ಸರ್ಕಾರ ಎಲ್ಲಿದೆ? ಒಬ್ಬರಿಗೊಬ್ಬರು ಆಗೋ ಜನಕ್ಕೆ ಅದು ಎಷ್ಟು ಬೇಕು? ಬೊಗಸೆಯಷ್ಟು!"

"ಬೊಗಸೆಯಷ್ಟೇ ಆದರೆ ನಿನಗೆ ಅಲ್ಲಿ ಕೂರೋಕೆ ಜಾಗ ಎಲ್ಲಿದೆ ರಾಯ್ಸ್?" ಅಂದ ಯೋಸ್ಟಜ್ಜ. ಕೊಟ್ಟಿಗೆಯೆಲ್ಲ ನಕ್ಕಿತು. ರಾಯ್ಸ್ ಎಲ್ಲರಿಗಿಂತ ಜೋರಾಗಿ ನಕ್ಕ. ಅದೇ ಉಮೇದಿನಲ್ಲಿ ಕಥೆಗೆ ಇಳಿದುಬಿಟ್ಟ. ಹಿಮ, ಮಗಳು, ಸೂಲಗಿತ್ತಿ. ಅಕ್ಕ ಚಮಚ ಕೆಳಗಿಟ್ಟಳು.

ಬೂದು ಕೋಟಿನವನು ಬಾಯೊರೆಸಿಕೊಂಡು ಎದ್ದ. ದನಿ ಮೃದುವಾಗಿತ್ತು. "ಮಿಸ್ಟರ್ ಟಾಲ್ಬರ್ಟ್, ನಾನು ರಾಜ್ಯದ ಲೈಸೆನ್ಸ್ ಇಲಾಖೆಯವನು. ನಿಮ್ಮ ಈ ಕಥೆ ಕೇಳಿದ ಯಾರೋ ನಮಗೆ ದೂರು ಕೊಟ್ಟಿದಾರೆ. ಯಾರು ಆ ಹೆಂಗಸು? ಇಲ್ಲಿ ಹೇಳದಿದ್ದರೆ ಕೋರ್ಟಲ್ಲಿ ಹೇಳಬೇಕಾಗುತ್ತೆ."

ನಮ್ಮವರೆಲ್ಲ ತಟ್ಟೆ ನೋಡುತ್ತಾ ಕೂತರು. ಅವನು ನಮ್ಮಲ್ಲಿ ಯಾರನ್ನಾದರೂ ನೇರವಾಗಿ ಕೇಳಿದ್ದರೆ ಆಗಲೇ ಮುಗಿಯುತ್ತಿತ್ತು. ನಾವು ಆಣೆ ಇಡುವುದಿಲ್ಲ, ಸುಳ್ಳೂ ಆಡುವುದಿಲ್ಲ. ನನ್ನನ್ನು ಕೇಳದಿರಲಿ ದೇವರೇ, ನನ್ನನ್ನು ಕೇಳದಿರಲಿ ಎಂದು ಮೇಜಿನ ಕೆಳಗೆ ಕೈ ಜೋಡಿಸಿದೆ.

ರಾಯ್ಸ್ ಮಗಳ ಕಡೆ ನೋಡಿದ. ಕೆಂಡ್ರಾಳ ಮಡಿಲಲ್ಲಿ ಆ ಮಗು ಅನ್ನದ ಅಗುಳು ಹೆಕ್ಕುತ್ತಿತ್ತು. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ತಾನು ಊರೂರು ಏನನ್ನು ಹೊತ್ತು ತಿರುಗಿದ್ದೆ ಎಂದು ಅವನಿಗೆ ಆಗ ತಿಳಿದಿರಬೇಕು.

"ಅಂಥ ಹೆಂಗಸು ಯಾರೂ ಇಲ್ಲ" ಅಂದ. "ಕಟ್ಟಿದ ಕಥೆ. ಓಟಿಗಾಗಿ ನಾನೇ ಕಟ್ಟಿದ್ದು."

ಹಿಂದಿನಿಂದ ಯಾರೋ ಕೂಗಿದರು: "ಹಂಗಾದ್ರೆ ತೆರಿಗೆ ಇಳಿಸೋದೂ ಕಟ್ಟಿದ ಕಥೇನೋ?" ಮತ್ತೆ ನಗು, ಈ ಸಲದ್ದು ಬೇರೆ ನಗು. ಜನ ಏಳತೊಡಗಿದರು. ಕೆಂಡ್ರಾ ತಲೆ ತಗ್ಗಿಸಿ ಅಳುತ್ತಿದ್ದಳು. ನಾನು ಮಾತ್ರ, ದೇವರು ಕ್ಷಮಿಸಲಿ, ಕುಣಿಯುವಷ್ಟು ಹಗುರಾಗಿದ್ದೆ. ಅಕ್ಕನ ತೋಳು ಹಿಡಿದು ಗಾಡಿಯ ತನಕ ಎಳೆದು ತಂದೆ.

ಅವಳು ಗಾಡಿ ಹತ್ತಲಿಲ್ಲ. "ನನಗಾಗಿ ಅವನ ಬಾಯಲ್ಲಿ ಸುಳ್ಳು ಬಂತಲ್ಲೇ."

"ನಾವು ಹೇಳಲಿಲ್ಲ ಅಕ್ಕ. ಸುಮ್ಮನಿದ್ವಿ ಅಷ್ಟೇ."

"ಹೂಂ. ಅವನ ಮರ್ಯಾದೆ ಹೋಗೋದನ್ನ ಸುಮ್ಮನೆ ನೋಡಿದ್ವಿ."

"ವರ್ನಾನ ನೆನೆಸಿಕೋ! ನೀನಿಲ್ಲದಿದ್ದರೆ ಸಾಯ್ತಾಳೆ ಅವಳು."

"ಅವಳನ್ನ, ಇನ್ನೊಬ್ಬನ ಸುಳ್ಳಿಂದ ಉಳಿದ ಈ ಕೈಯಲ್ಲೇ ಮುಟ್ಟಬೇಕಲ್ಲೇ ನಾನು?" ಎಂದು ಅಂಗೈ ಬಿಚ್ಚಿ ತೋರಿಸಿದಳು. ಸೀಟಿನ ಕೆಳಗಿನಿಂದ ಚೀಲ ತೆಗೆದುಕೊಂಡು ವಾಪಸ್ಸು ನಡೆದಳು.

ಬೂದು ಕೋಟಿನವನು ಉಳಿದ ಊಟ ಮುಗಿಸುತ್ತಿದ್ದ. ಅಕ್ಕ ಅವನೆದುರು ಕೂತು ಸೀಸೆಯನ್ನು ಮೇಜಿನ ಮೇಲಿಟ್ಟಳು. "ಅವರು ಹೇಳಿದ ಕಥೆ ನಿಜ. ಆ ಹೆಂಗಸು ನಾನೇ."

ಅವನ ಬಾಯಲ್ಲಿ ತುತ್ತಿತ್ತು. ನುಂಗಲೂ ಆಗದೆ ನೋಡಿದ. ರಾಯ್ಸ್ ಬೆಂಚು ಹಾರಿ ಬಂದ. "ಲೊವೈನಾ, ಬಾಯಿ ಮುಚ್ಚಿ! ದಮ್ಮಯ್ಯ, ಬಾಯಿ ಮುಚ್ಚಿ!"

"ನೀವು ಮುಚ್ಚಬೇಕಾಗಿತ್ತು ಆವತ್ತು" ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ.

ಅಷ್ಟರಲ್ಲಿ ವರ್ನಾಳ ಗಂಡ ಈಲಮ್ ಟೋಪಿಯಿಲ್ಲದೆ ಓಡಿ ಬಂದ. ನೋವು ಶುರುವಾಗಿತ್ತು. ಅಕ್ಕ ಎದ್ದಳು. ಸೀಸೆ ಮೇಜಿನ ಮೇಲೇ ಇತ್ತು, ಅವಳ ಕೈಗೂ ಅವನ ಕೈಗೂ ನಡುವೆ.

"ಇದನ್ನ ನಾನು ಜಪ್ತಿ ಮಾಡಬೇಕು" ಅಂದ ಅವನು.

"ಮಾಡಿ. ಆದರೆ ಆ ಹುಡುಗಿ ಮುಂದೆ ಬಂದು ಮಾಡಿ."

ಅವನು ಸೀಸೆಯನ್ನು ಒಂದು ಬೆರಳಿನಿಂದ ಅವಳ ಕಡೆ ಸರಿಸಿದ. ನಮ್ಮ ಗಾಡಿ ಗುಡ್ಡ ಹತ್ತುವಾಗ ಅವನ ಕಾರು ಮೆಲ್ಲಗೆ ಹಿಂದೆಯೇ ಬಂತು. ದಾರಿಯುದ್ದಕ್ಕೂ ನಾನು ತಿರುಗಿ ನೋಡಲಿಲ್ಲ. ಬೆನ್ನಿಗೆ ಅದರ ಬೆಳಕು ತಾಗುತ್ತಿತ್ತು.

ವರ್ನಾಗೆ ಗಂಡು ಮಗುವಾಯಿತು. ಹೆದರಿದ ಹಾಗೇ ರಕ್ತ ಹರಿಯಿತು. ಅಕ್ಕ ಮದ್ದು ಚುಚ್ಚಿದಳು. ಹೊರಗೆ ಬಂದಾಗ ಕಾರು ಬೇಲಿಯ ಹತ್ತಿರ ಹಾಗೇ ನಿಂತಿತ್ತು. ಬೂದು ಕೋಟಿನವನು ಇಳಿದ. ಅಕ್ಕ ಖಾಲಿ ಸೀಸೆಯನ್ನು ಅವನ ಅಂಗೈಗೆ ಹಾಕಿದಳು.

"ತಾಯಿ ಉಳಿದಳಾ?" ಅಂದ.

"ಇದ್ದಾಳೆ."

ಅವನು ತಲೆಯಾಡಿಸಿ ಕಾರಿನ ಹಿಂಬಾಗಿಲು ತೆರೆದ. ಅಕ್ಕ ಶಾಲು ಸರಿಮಾಡಿಕೊಂಡು, "ಕುದುರೆಗೆ ನೀರು ಕುಡಿಸು, ಮರೀಬೇಡ" ಎಂದು ನನಗೆ ಹೇಳಿ ಒಳಗೆ ಕೂತಳು.

ಒಬ್ಬಳೇ ಗಾಡಿ ಹೊಡೆದುಕೊಂಡು ಇಳಿದೆ. ದಾರಿ ಬದಿಯಲ್ಲಿ ರಾಯ್ಸ್‌ನ ಚುನಾವಣೆಯ ಹಲಗೆಗಳು ಒಂದಾದ ಮೇಲೊಂದು ಬರುತ್ತಿದ್ದವು: "ಸರ್ಕಾರ ಸಣ್ಣದಿರಲಿ, ಮನುಷ್ಯ ದೊಡ್ಡವನಿರಲಿ." ಸೇತುವೆಯ ಹತ್ತಿರದ ಮನೆಯ ಗೇಟಿನಲ್ಲಿ ಫ್ಯಾನಿ ದೀಪ ಹಿಡಿದು ನಿಂತಿದ್ದಳು. ಚೊಚ್ಚಲ ಬಸುರಿ, ಏಳು ತುಂಬಿತ್ತು.

"ಲೊವೈನಕ್ಕ ಎಲ್ಲಿ?" ಅಂದಳು.

ಹೇಳಿದೆ. ಹೇಳದಿರಲು ನಮಗೆ ಬರುವುದಿಲ್ಲ. ಅವಳು ದೀಪವನ್ನು ಇನ್ನೊಂದು ಕೈಗೆ ಬದಲಾಯಿಸಿ ಹೊಟ್ಟೆ ಹಿಡಿದುಕೊಂಡಳು.

"ಹಂಗಾದ್ರೆ ನನ್ನ ಹೆರಿಗೆಗೆ ನೀನು ಬರ್ತೀಯಾ, ಸಲೋಮಕ್ಕ?"

ನಾನು ದೀಪ ಹಿಡಿದವಳೇ ಹೊರತು ಮಗು ಹಿಡಿದವಳಲ್ಲ. ಲಗಾಮು ಹಿಡಿದ ನನ್ನ ಕೈಗಳನ್ನು ನೋಡಿಕೊಂಡೆ.

"ಬರ್ತೀನಿ" ಅಂದೆ. ಆಡಿದ ಮೇಲೆ ಅದು ಸುಳ್ಳಾಗಬಾರದಲ್ಲ ಎಂಬ ಭಯ ಗಾಡಿ ಹತ್ತಿ ನನ್ನ ಪಕ್ಕ ಕೂತಿತು.